ಕೆತ್ತಿದವರಿಗೆ ಹೆಸರಿರಲಿಲ್ಲವೇ?

ಜಾನಪದ ಕಲೆಗೆ ಕರ್ತೃವಿಲ್ಲ, ಅದು ಇಡೀ ಸಮುದಾಯದ ಸೊತ್ತು ಎಂಬ ಮಾತನ್ನು ನಮ್ಮ ವಿದ್ವಾಂಸರು ಎಷ್ಟು ಸಲ ಬರೆದಿದ್ದಾರೆಂದರೆ, ಈಗ ಅದನ್ನು ಯಾರೂ ವಾದವೆಂದು ಓದುವುದಿಲ್ಲ. ಪೂಜೆಯ ಕೊನೆಗೆ ಮಂಗಳಾರತಿ ಎತ್ತಿದ ಹಾಗೆ ಎತ್ತಿ ಮುಗಿಸುತ್ತಾರೆ. ತೊಗಲುಗೊಂಬೆಯಾಟದ ಮೇಲೆ ಬರೆಯುವವರು ಇದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾರೆ: ಇಂದಿನ ಸಿನಿಮಾಕ್ಕೂ ಅನಿಮೇಷನ್ನಿಗೂ ಈ ಆಟವೇ ಮೂಲ. ಎರಡೂ ಹೊಗಳಿಕೆಯ ಹಾಗೆ ಕೇಳಿಸುತ್ತವೆ. ಮೊದಲನೆಯದು ಮಾಡಿದವರ ಹೆಸರನ್ನು ಅಳಿಸುತ್ತದೆ. ಎರಡನೆಯದು ಇನ್ನೂ ಉಸಿರಾಡುತ್ತಿರುವವರನ್ನು ಪೂರ್ವಜರ ಸಾಲಿಗೆ ಸೇರಿಸಿ ಫೋಟೊಕ್ಕೆ ಹಾರ ಹಾಕಿಬಿಡುತ್ತದೆ. ಇಂಥ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸಿಟ್ಟಿಗೆ ಕಾರಣ ನಮ್ಮ ಸೀಮೆ. ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿ ಬಂದ ಪ್ರವಾಸಿಗರು ನಮ್ಮ ಕುಳಗೇರಿ ಕ್ರಾಸಿನಲ್ಲಿ ಇಳಿದು, ಒಂದು ಚಹಾ ಕುಡಿದು, ಬಾದಾಮಿ ಬಸ್ಸು ಹಿಡಿಯುತ್ತಾರೆ. ಬಾದಾಮಿ ದಾಟಿ ಪಟ್ಟದಕಲ್ಲಿಗೂ ಹೋಗುತ್ತಾರೆ. ಅಲ್ಲಿ ಗೈಡ್‌ಗಳು ವಿಕ್ರಮಾದಿತ್ಯನ ಕಂಚಿ ವಿಜಯ, ರಾಣಿ ಲೋಕಮಹಾದೇವಿಯ ಭಕ್ತಿ ಎಲ್ಲವನ್ನೂ ಹೇಳುತ್ತಾರೆ. ಆದರೆ ವಿರೂಪಾಕ್ಷ ದೇವಾಲಯದ ಶಾಸನ ರಾಜ ರಾಣಿಯರನ್ನಷ್ಟೇ ಹೊಗಳಿ ಸುಮ್ಮನಾಗಿಲ್ಲ. ಗುಡಿ ಕಟ್ಟಿದ ಗುಂಡನೆಂಬ ಸೂತ್ರಧಾರಿಯ ಹೆಸರು, ಅವನಿಗೆ ಸಿಕ್ಕ ಅನಿವಾರಿತಾಚಾರಿ ಎಂಬ ಬಿರುದು ಅಲ್ಲಿವೆ. ಸರ್ವಸಿದ್ಧಿ ಆಚಾರಿಯ ಹೆಸರೂ ಇದೆ. ಪಾಪನಾಥದಲ್ಲಿ ರೇವಡಿ ಓವಜ್ಜನಿದ್ದಾನೆ. ಐಹೊಳೆಯಲ್ಲಿ ನರಸೊಬ್ಬನನ್ನು ಹೊಗಳಿದ ರೀತಿ ನೋಡಿದರೆ, ಜಂಬೂದ್ವೀಪದಲ್ಲಿ ಅವನ ಸಮಾನ ಶಿಲ್ಪಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ಮಲಪ್ರಭೆಯ ದಂಡೆಯ ಮೇಲೆ ಕೆಲಸಗಾರನ ಹೆಸರು ಕಲ್ಲಿನ ಮೇಲೆ ಬಂದಿತ್ತು. ಹಾಗಿದ್ದರೆ ಭಾರತದ ಕಲಾವಿದ ಸ್ವಭಾವತಃ ಅನಾಮಿಕ, ಹೆಸರಿನ ಹಂಬಲ ಅವನಿಗಿರಲಿಲ್ಲ ಎಂದು ಯಾರು ಹೇಳಿಕೊಟ್ಟರು? ಹೆಸರು ಉಳಿಯುವುದು ಯಾರೋ ಒಬ್ಬರು ಅದನ್ನು ಬರೆದುಕೊಂಡಾಗ. ಚರ್ಮದ ಗೊಂಬೆಯ ಪಕ್ಕದಲ್ಲಿ ಬರೆದುಕೊಳ್ಳುವವರು ಇರಲಿಲ್ಲ, ಇದ್ದವರು ಬರೆದುಕೊಳ್ಳಲಿಲ್ಲ.

ಈ ವಿಷಯದಲ್ಲಿ ನನಗೆ ಒಬ್ಬ ಅಮೆರಿಕನ್ನನ ಮೇಲೆ ವಿಪರೀತ ಅಭಿಮಾನ. ಜಾನ್ ಕೇನ್‌ಮೇಕರ್, ಹುಟ್ಟಿದ್ದು 1943ರಲ್ಲಿ. ಸ್ವತಃ ಅನಿಮೇಟರ್, ಜೊತೆಗೆ ಹಳೆಯ ಕಾರ್ಟೂನ್ ಚಿತ್ರಗಳ ಇತಿಹಾಸಕಾರ. ಮೂಕಿ ಚಿತ್ರಗಳ ಕಾಲದಲ್ಲಿ ಫೆಲಿಕ್ಸ್ ಎಂಬ ಕರಿಬೆಕ್ಕು ಜಗತ್ತನ್ನೇ ಆಳುತ್ತಿತ್ತು. ಮಿಕ್ಕಿ ಇಲಿ ಹುಟ್ಟುವುದಕ್ಕೂ ಬಹಳ ಮೊದಲೇ, 1919ರಲ್ಲಿ ಪರದೆಗೆ ಬಂದ ಬೆಕ್ಕು ಅದು. ತೆರೆಯ ಮೇಲೆ ಬರುತ್ತಿದ್ದದ್ದು ಸ್ಟುಡಿಯೋ ಮಾಲೀಕ ಪ್ಯಾಟ್ ಸಲಿವನ್ನನ ಹೆಸರೊಂದೇ. ಬೆಕ್ಕನ್ನು ಬರೆದು ನಡೆಸಿದ ಒಟ್ಟೊ ಮೆಸ್ಮರ್ ಹೆಸರು ಎಲ್ಲೂ ಇರಲಿಲ್ಲ. ಸಲಿವನ್ 1933ರಲ್ಲಿ ತೀರಿಕೊಂಡ ಮೇಲೂ ಮೆಸ್ಮರ್ ಬಾಯಿ ಬಿಡಲಿಲ್ಲ, ಟೈಮ್ಸ್ ಸ್ಕ್ವೇರಿನ ಮಿನುಗುವ ಜಾಹೀರಾತು ಫಲಕಗಳಿಗೆ ಚಿತ್ರ ಮಾಡಿಕೊಂಡು ದಶಕಗಳನ್ನು ಕಳೆದ. ಕೇನ್‌ಮೇಕರ್ ಆ ಮುದುಕನ ಮುಂದೆ ಕ್ಯಾಮೆರಾ ಇಟ್ಟು 1977ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ, 1991ರಲ್ಲಿ ಪುಸ್ತಕವನ್ನೂ ಬರೆದ. ಆಸ್ಟ್ರೇಲಿಯಾದ ಕೆಲವರು ಇವತ್ತಿಗೂ ಸಲಿವನ್ ನಮ್ಮೂರವನು, ಬೆಕ್ಕು ಅವನದೇ ಎನ್ನುತ್ತಾರೆ. ಜಗಳ ಇರಲಿ ಬಿಡಿ. ಜಗಳ ಆಡುವುದಕ್ಕಾದರೂ ಎರಡು ಹೆಸರು ಬೇಕಲ್ಲ, ಆ ಎರಡನೆಯ ಹೆಸರನ್ನು ಊರಿಗೆಲ್ಲ ಕೇಳಿಸಿದವನು ಇವನು.

ಮೆಸ್ಮರ್ ಸಾಕ್ಷ್ಯಚಿತ್ರಕ್ಕೂ ಒಂದು ವರ್ಷ ಮೊದಲು ಕೇನ್‌ಮೇಕರ್ ವಿನ್ಸರ್ ಮೆಕೇ ಕುರಿತು ಚಿತ್ರ ಮಾಡಿದ್ದ. 1914ರ ‘ಗರ್ಟಿ’ ಎಂಬ ಡೈನೋಸಾರ್ ಚಿತ್ರ ಮಾಡಿದವನು ಮೆಕೇ. ಅನಿಮೇಷನ್ ಇತಿಹಾಸ ಬರೆಯುವವರೆಲ್ಲ ಅವನಿಗೆ ಕೈಮುಗಿದೇ ಮುಂದೆ ಹೋಗುತ್ತಾರೆ. ಕೇನ್‌ಮೇಕರ್ ಹೋದದ್ದು ಫಿಟ್ಸ್‌ಸಿಮನ್ಸ್ ಎಂಬುವನ ಬಳಿಗೆ. ಹುಡುಗನಾಗಿದ್ದಾಗ ಆತ ಮೆಕೇಗೆ ಸಹಾಯಕ್ಕೆ ನಿಂತವನು. ಗರ್ಟಿಯ ಹಿಂದಿನ ಬಂಡೆ, ಮರ, ನೀರನ್ನು ಹಾಳೆಯಿಂದ ಹಾಳೆಗೆ, ಸಾವಿರಾರು ಹಾಳೆಗಳ ಮೇಲೆ ಮತ್ತೆ ಮತ್ತೆ ಬರೆದವನು. ಬರೀ ಪಂಡಿತನಾದವನಿಗೆ ಆ ಬಂಡೆ ಯಾರು ಬರೆದರು ಎಂಬ ಪ್ರಶ್ನೆಯೇ ಹೊಳೆಯುವುದಿಲ್ಲ. ಒಂದು ಸೆಕೆಂಡಿನ ಚಲನೆಗೆ ಎಷ್ಟು ಚಿತ್ರ ಬೇಕು, ಹಿನ್ನೆಲೆ ಅಲುಗದೆ ನಿಲ್ಲಲು ಎಷ್ಟು ಪಾಡು ಎಂದು ಕೈಯಾರೆ ಅನುಭವಿಸಿದವನಿಗೆ ಮಾತ್ರ ಆ ಕುತೂಹಲ ಬರುತ್ತದೆ. ತಾನು ಬರೆಯಬಲ್ಲವನು ಎಂಬುದಕ್ಕೆ 2006ರಲ್ಲಿ ಆಸ್ಕರ್ ಕೂಡ ಬಂತು, ಸತ್ತ ಅಪ್ಪನ ಜೊತೆ ವಾಗ್ವಾದಕ್ಕೆ ಕೂತ ‘ದಿ ಮೂನ್ ಅಂಡ್ ದಿ ಸನ್’ ಎಂಬ ಪುಟ್ಟ ಚಿತ್ರಕ್ಕೆ. ನನ್ನ ಮಟ್ಟಿಗೆ ಅವನ ದೊಡ್ಡ ಕೆಲಸ ಮೆಸ್ಮರನೇ.

ನಮ್ಮಲ್ಲಿ ಈ ಜಾತಿಯ ಒಬ್ಬರೇ ಒಬ್ಬರು ಬಂದರು. ಎಂ. ಎಸ್. ನಂಜುಂಡರಾವ್. 1932ರಲ್ಲಿ ಹುಟ್ಟಿದ ಕಲಾವಿದ, 1960ರ ಚಿತ್ರಕಲಾ ಪರಿಷತ್ತನ್ನು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಿಲ್ಲಿಸಿದವರು. ಅವರನ್ನು ಸಂಸ್ಥೆ ಕಟ್ಟಿದವರೆಂದಷ್ಟೇ ನೆನೆಯುವುದು ವಾಡಿಕೆ. ಹಳ್ಳಿ ಹಳ್ಳಿಯಿಂದ ತೊಗಲುಗೊಂಬೆಗಳನ್ನು ಕೂಡಿಸಿದ್ದು, ಕರ್ನಾಟಕದ ತೊಗಲುಗೊಂಬೆಗಳ ಮೇಲೆ ದೊಡ್ಡ ಪುಸ್ತಕ ಬರೆದದ್ದು ನನಗೆ ಅವರ ನಿಜವಾದ ಜೀವನಕಾರ್ಯವಾಗಿ ಕಾಣುತ್ತದೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಸಮುದಾಯದವರ ಆಟವನ್ನು ಹಾಡಿನ ಪಠ್ಯವಾಗಿ, ಜಾತಿಯ ಕಸುಬಾಗಿ, ಮಳೆ ಬರಿಸುವ ಆಚರಣೆಯಾಗಿ ನೋಡಿದವರು ಬಹಳ. ಚಿತ್ರವಾಗಿ ನೋಡಿದವರು ಕಡಿಮೆ. ನಂಜುಂಡರಾವ್ ಚಿತ್ರವಾಗಿ ನೋಡಿದರು.

ನೋಡಬೇಕಾದದ್ದು ಏನೆಂದು ಸ್ವಲ್ಪ ಹೇಳಬೇಕು. ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಹಿಂದೆ ಜಿಂಕೆ ಚರ್ಮ ಇರುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯ ಮೇಲೆ ಮೇಕೆಯೇ ಗತಿ. ಮೊನಚಿನಿಂದ ಗೆರೆ ಗೀರಿ, ಉಳಿಯಿಂದ ತೂತು ಹೊಡೆದು, ಎರಡೂ ಕಡೆ ಬಣ್ಣ ಹಚ್ಚಿ, ನಡುವೆ ಬಿದಿರಿನ ಸೀಳು ಕಟ್ಟಬೇಕು. ಪರದೆಯ ಮೇಲೆ ರಾವಣನ ಕೊರಳ ಹಾರ ಮಿಂಚುವುದು ಬಣ್ಣದಿಂದಲ್ಲ, ಆ ತೂತುಗಳಿಂದ. ಎಲ್ಲಿ ತೂತು ಹೊಡೆಯಬೇಕು, ಎಲ್ಲಿ ಚರ್ಮ ಬಿಡಬೇಕು ಎಂಬ ತೀರ್ಮಾನದಲ್ಲಿಯೇ ಕೆತ್ತಿದವನ ಸಹಿ ಇರುತ್ತದೆ. ನಮ್ಮ ಗೊಂಬೆಗಳಲ್ಲಿ ಇನ್ನೊಂದು ಚಂದ ಉಂಟು: ಒಂದೇ ಚರ್ಮದಲ್ಲಿ ಇಡೀ ದರ್ಬಾರನ್ನೇ ಕೂರಿಸುವುದು. ಅಲ್ಲಿ ರಾಜ ದೊಡ್ಡವನು, ಸೇವಕ ಮೊಣಕಾಲೆತ್ತರದವನು. ಅಳತೆ ದೇಹದ್ದಲ್ಲ, ಅಂತಸ್ತಿನದು. ಒಬ್ಬ ಕೆತ್ತಿದ ಸೇವಕ ತಲೆ ತಗ್ಗಿಸಿ ನಿಂತರೆ ಇನ್ನೊಬ್ಬ ಕೆತ್ತಿದವನು ರಾಜನ ಕಣ್ಣನ್ನೇ ದಿಟ್ಟಿಸುತ್ತಾನೆ. ಇದನ್ನು ಸಮುದಾಯ ತೀರ್ಮಾನಿಸಿತೆಂದು ಯಾರಾದರೂ ಹೇಳಿದರೆ, ಸಮುದಾಯದ ಎಷ್ಟು ಕೈ ಉಳಿ ಹಿಡಿದಿದ್ದವು ಎಂದು ಕೇಳಬೇಕು.

ಇಷ್ಟಾದ ಮೇಲೂ ನಂಜುಂಡರಾವ್ ಮೇಲೆ ನನ್ನದೊಂದು ತಕರಾರಿದೆ. ಅವರು ಚರ್ಮ ಉಳಿಸಿದರು, ಶೈಲಿ ಗುರುತಿಸಿದರು. ಅವರ ಹಿಂದೆ ಬಂದವರು ಆ ಶೈಲಿಗಳ ಹಿಂದಿನ ಮನುಷ್ಯರನ್ನು ಹುಡುಕುವಂಥ ಒಂದು ಪರಂಪರೆ ಮಾತ್ರ ಹುಟ್ಟಲಿಲ್ಲ. ಒಬ್ಬ ಗುರು ಒಂದು ದಾರಿ ತೋರಿಸಿ, ಶಿಷ್ಯರು ಅದನ್ನು ಕೈಪಿಡಿಯಾಗಿ ಇಳಿಸಿಕೊಂಡರೆ ಹೀಗೇ ಆಗುತ್ತದೆ. ಇವತ್ತಿಗೂ ದೇಶ ವಿದೇಶದ ವಸ್ತುಸಂಗ್ರಹಾಲಯಗಳಲ್ಲಿ ಇಂಥ ಗೊಂಬೆಯ ಕೆಳಗೆ ಸಾಮಾನ್ಯವಾಗಿ ಇರುವುದು ಪ್ರಾಂತ, ಶತಮಾನ, ಚರ್ಮ, ಬಣ್ಣ. 2003ರಲ್ಲಿ ಅವರು ತೀರಿಕೊಂಡರು. ಇನ್ನು ಅವರನ್ನು ಕೇಳುವಂತಿಲ್ಲ. ಅವರ ಹೆಸರಿನಲ್ಲಿ ಭಾಷಣ ಮಾಡುವವರನ್ನು ಕೇಳಬಹುದು.

ಆಡಿಸಿದವರ ಪಾಡು ಇನ್ನೊಂದು ಬಗೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರಿಗೆ ಹೆಸರು ಬಂತು, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂತು. ರಂಗಭೂಮಿಯಲ್ಲಿ ನುರಿತವರು, ಗೊಂಬೆಯಾಟಕ್ಕೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧಿಯನ್ನೂ ತಂದವರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ, ಆದರೂ ನನ್ನ ಮನಸ್ಸು ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಕಡೆಗೇ ವಾಲುತ್ತದೆ. ಪಕ್ಷಪಾತ ಅನ್ನುವುದಾದರೆ ಅನ್ನಿ. 2025ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಆಕೆಗೆ 96 ವರ್ಷ. ಪತ್ರಿಕೆಗಳೆಲ್ಲ ಎಲೆಮರೆಯ ಕಾಯಿ ಎಂದು ಬರೆದವು. ಪರದೇಶಗಳಲ್ಲೂ ಆಟ ಆಡಿಸಿ ಬಂದ ಹೆಂಗಸು ಕೊಪ್ಪಳದವರಿಗೆ ಗೊತ್ತಿತ್ತು, ವಿದೇಶದವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಡುವೆ ಕೂತ ನಮಗೆ.

ಭೀಮವ್ವ ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಈ ಆಟದಲ್ಲಿ ಹೆಂಗಸು ಹಾಡುತ್ತಾಳೆ, ಸೀತೆ ದ್ರೌಪದಿಯರ ಮಾತು ಅವಳದೇ. ಪರದೆಯ ಹಿಂದೆ ಅರ್ಧ ಆಟ ಅವಳ ಗಂಟಲಲ್ಲಿದೆ. ಮೇಳಕ್ಕೆ ಹೆಸರು ಮಾತ್ರ ಸಾಮಾನ್ಯವಾಗಿ ಗಂಡನದು. ಡಿಸ್ನಿ ಸ್ಟುಡಿಯೋದಲ್ಲೂ ಶಾಯಿ ಹಚ್ಚಿ ಬಣ್ಣ ತುಂಬುತ್ತಿದ್ದ ವಿಭಾಗದ ತುಂಬ ಹೆಂಗಸರೇ ಇದ್ದರು, ತೆರೆಯ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ಕೇನ್‌ಮೇಕರ್ ಆ ಸ್ಟುಡಿಯೋದ ಒಂಬತ್ತು ಮಂದಿ ಗಂಡಸರ ಮೇಲೆ ಬರೆದ ಮೇಲೆ ಅಲ್ಲಿಯ ಬಣ್ಣದ ರಾಣಿ ಮೇರಿ ಬ್ಲೇರ್ ಮೇಲೂ ಬರೆದ. ನಮ್ಮಲ್ಲಿ ಭೀಮವ್ವನ ರಾಮಾಯಣವನ್ನು ಅವಳ ದನಿಯ ಏರಿಳಿತ, ಅವಳು ಎಲ್ಲಿ ಹಿಗ್ಗಿಸುತ್ತಾಳೆ, ಎಲ್ಲಿ ನುಂಗುತ್ತಾಳೆ ಎಂಬ ವಿವರದ ಸಮೇತ ವಿಮರ್ಶಿಸಿದ ಪುಸ್ತಕ ಬರಬೇಕು. ಸನ್ಮಾನ ಸಾಕು.

ಸನ್ಮಾನದ ಮಾತು ಬಂತಲ್ಲ, ನನ್ನ ಅಸಲು ಜಗಳ ಅಭಿರುಚಿಯದು. ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಈ ಆಟದ ವಿದೂಷಕರು. ಉಬ್ಬಿದ ಹೊಟ್ಟೆ, ಕೆದರಿದ ಕೂದಲು, ಲಂಗುಲಗಾಮಿಲ್ಲದ ಬಾಯಿ. ರಾಮ ಅಳುವಾಗ ಇವರು ನಡುವೆ ನುಗ್ಗಿ ಊರಿನ ಸಾಹುಕಾರನನ್ನೂ ಪಂಚರನ್ನೂ ಎಳೆದು ತರುತ್ತಾರೆ. ಮಾತು ಮಂಚದವರೆಗೂ ಹೋಗುತ್ತದೆ. ಇಡೀ ರಾತ್ರಿ ಊರನ್ನು ಎಚ್ಚರ ಇಡುತ್ತಿದ್ದವರು ಇವರು. ಸಭಾಂಗಣಕ್ಕೆ ಬಂದ ಕೂಡಲೆ ಆಟ ಒಂದು ತಾಸಿಗೆ ಇಳಿಯಿತು, ಇವರಿಬ್ಬರ ಬಾಯಿಗೆ ಬೀಗ ಬಿತ್ತು. ಕಿಳ್ಳೇಕ್ಯಾತ ಈಗ ಶೌಚಾಲಯ ಕಟ್ಟಿಸಿರಿ, ಮಕ್ಕಳಿಗೆ ಲಸಿಕೆ ಹಾಕಿಸಿರಿ ಎನ್ನುತ್ತಾನೆ. ಅವು ಒಳ್ಳೆಯ ಮಾತುಗಳೇ, ಆದರೆ ಅವನ ಬಾಯಿಗೆ ಒಪ್ಪುವುದಿಲ್ಲ. ಅಮೆರಿಕದಲ್ಲಿ 1934ರಲ್ಲಿ ಸೆನ್ಸಾರ್ ನಿಯಮ ಬಿಗಿಯಾದಾಗ ಬೆಟ್ಟಿ ಬೂಪ್ ಎಂಬ ಚೆಲ್ಲು ಹುಡುಗಿಯ ಲಂಗ ಉದ್ದವಾಯಿತು, ಅವಳು ಗೃಹಿಣಿಯ ಹಾಗೆ ಮನೆಗೆಲಸಕ್ಕೆ ಬಿದ್ದಳು, ಚಿತ್ರಗಳು ಸಪ್ಪೆಯಾದವು. ಅಲ್ಲಿ ಅದನ್ನು ನಷ್ಟವೆಂದು ಇತಿಹಾಸಕಾರರು ಬರೆದರು. ನಾವು ನಮ್ಮ ಬಂಗಾರಕ್ಕನ ಬಾಯಿ ಕಟ್ಟಿದ್ದನ್ನು ಕಲೆಯ ಉನ್ನತಿ ಎಂದು ಬರೆಯುತ್ತೇವೆ. ಹೊಟ್ಟೆ ತುಂಬಿದವರ ಸಭ್ಯತೆಗೆ ಎಲ್ಲ ಜನಪದವೂ ಸ್ನಾನ ಮಾಡಿಸಿ ತಲೆ ಬಾಚಿ ಕಳಿಸಿದ ಮಗುವಾಗಿ ಬರಬೇಕು.

ಇನ್ನು ಮೊದಲು ಹೇಳಿದ ಸಿನಿಮಾ, ಅನಿಮೇಷನ್ನಿನ ಮೂಲ ಪುರುಷನ ಪಟ್ಟದ ಬಗ್ಗೆ ಎರಡೇ ಮಾತು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕತ್ತರಿಯಿಂದ ಕತ್ತರಿಸಿದ ಕಪ್ಪು ಆಕೃತಿಗಳಿಂದ ಪೂರ್ಣ ಪ್ರಮಾಣದ ಚಿತ್ರ ಮಾಡಿದಳು. ನೆರಳಾಟಕ್ಕೂ ಅನಿಮೇಷನ್ನಿಗೂ ನೆಂಟಸ್ತಿಕೆ ಕಲ್ಪಿಸುವುದಾದರೆ ಅಲ್ಲಿ ಕಲ್ಪಿಸಿ. ಆದರೆ ಸಿನಿಮಾ ಒಮ್ಮೆ ಮುಗಿದರೆ ಬದಲಾಗುವುದಿಲ್ಲ. ಕಿಳ್ಳೇಕ್ಯಾತರ ಆಟ ಎದುರಿಗೆ ಯಾರು ಕೂತಿದ್ದಾರೆ ಎಂದು ನೋಡಿ ಮಾತು ಬದಲಿಸುತ್ತದೆ. ಇವೆರಡೂ ಬೇರೆ ಬೇರೆ ಕಲೆಗಳು. ಒಂದು ಇನ್ನೊಂದರ ಬಾಲ್ಯವಲ್ಲ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ 2011ರಿಂದ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದಕ್ಕಿಂತ 20 ವರ್ಷ ಹಿರಿಯದು. ಎರಡೂ ಕಡೆ ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟೇ: ತೊಗಲುಗೊಂಬೆಯ ಉಗಮ, ವಿಕಾಸ, ಮಹತ್ವದ ಮೇಲೆ ಇನ್ನೊಂದು ಅಧ್ಯಾಯ ಬೇಡ. ಮನೆಮನೆಯಲ್ಲಿ ಪೆಟ್ಟಿಗೆ ಇದೆ, ಪೆಟ್ಟಿಗೆಯಲ್ಲಿ ಗೊಂಬೆ ಇದೆ, ಪಕ್ಕದಲ್ಲಿ ಅದನ್ನು ತನ್ನ ಅಜ್ಜ ಕೆತ್ತಿದನೋ ಮಾವ ಕೆತ್ತಿದನೋ ಹೇಳಬಲ್ಲ ಮುದುಕಿ ಇದ್ದಾಳೆ. ಒಂದೊಂದು ಗೊಂಬೆಗೂ ಕೆತ್ತಿದವರ ಹೆಸರು, ಊರು, ಯಾರ ಬಳಿ ಕಲಿತರು ಎಂಬುದನ್ನು ಬರೆದುಕೊಳ್ಳಿ. ಈ ವರ್ಷವೇ ಬರೆದುಕೊಳ್ಳಿ.