ರುದ್ರನಾಟಕದ ಬೋಧನೆಯೂ ಅಶ್ವತ್ಥಾಮನ ಮರಣವೂ

ಗ್ರೀಕರ ರುದ್ರನಾಟಕವನ್ನು ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಬೋಧಿಸುವುದಕ್ಕೆ ರೂಢಿಯಾಗಿರುವ ಕ್ರಮವೊಂದುಂಟು. ಅರಿಸ್ಟಾಟಲನ ಕಾವ್ಯಮೀಮಾಂಸೆಯಿಂದ 'ಹಮಾರ್ಷಿಯ' ಎಂಬ ಶಬ್ದವನ್ನೆತ್ತಿಕೊಂಡು, ಅದಕ್ಕೆ ಶೀಲದೋಷವೆಂದು ಅರ್ಥವಿಟ್ಟು, ನಾಯಕನ ದೋಷ ಯಾವುದೆಂದು ವಿದ್ಯಾರ್ಥಿಯ ಬಾಯಿಂದ ಹೇಳಿಸುವುದೇ ಆ ಕ್ರಮ. ಮೂಲದಲ್ಲಾದರೋ ಆ ಶಬ್ದಕ್ಕೆ ಗುರಿತಪ್ಪುವುದು, ಎಡವುವುದು ಎಂಬ ಅರ್ಥವೇ ಪ್ರಧಾನವಾದುದು. ದೋಷವನ್ನು ಅರಸಹೊರಟ ವಿದ್ಯಾರ್ಥಿಯು ನ್ಯಾಯಾಧಿಪತಿಯ ಪೀಠವನ್ನೇರುವನಲ್ಲದೆ ಶೋಕದಲ್ಲಿ ಪಾಲುಗೊಳ್ಳುವ ಸಹೃದಯನಾಗಲಾರನು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಟ್ಟಿಗೆ ಈ ವಿಚಾರವು ವಿಶೇಷವಾಗಿ ಚಿಂತನೀಯವಾಗಿದೆ. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಎಂಬುದನ್ನು 1926ರಲ್ಲಿಯೂ, ಸೋಫೋಕ್ಲಿಸನ 'ಏಜಾಕ್ಸ್' ನಾಟಕದ ಜಾಡಿನಲ್ಲಿ 'ಅಶ್ವತ್ಥಾಮನ್' ಎಂಬುದನ್ನು 1929ರಲ್ಲಿಯೂ, ಈಸ್ಕಿಲಸನ ಕೃತಿಯ ಅನುವಾದವಾದ 'ಪಾರಸಿಕರು' ಎಂಬುದನ್ನು 1935ರಲ್ಲಿಯೂ ಹೊರತಂದರು. ಆ ಕಾಲದಲ್ಲಿ ಈ ಮೂರು ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಪ್ರೌಢಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಭಾಗವು ಕನ್ನಡ ರಾಜ್ಯವನ್ನು ಕೂಡಿದ ಮೇಲೆಯೇ ಕನ್ನಡದ ಈ ರುದ್ರನಾಟಕಗಳಿಗೆ ಇಲ್ಲಿಯ ಶಾಲೆಯ ಬಾಗಿಲು ತೆರೆಯಿತು.

ಪುಸ್ತಕ ತಡವಾಗಿ ಬಂದರೂ ಶೋಕದ ಸಂಸ್ಕಾರವು ಇಲ್ಲಿ ಮೊದಲಿನಿಂದಲೂ ಇದ್ದಿತು. ಮೊಹರಮ್ಮಿನ ದಿನಗಳಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಸೇರಿ ಹಾಡುವ ರಿವಾಯತ್ ಪದಗಳು ಕ್ರಿ.ಶ. 680ರ ಕರ್ಬಲಾ ಕಾಳಗದಲ್ಲಿ ಮಡಿದವರನ್ನು ಕನ್ನಡದಲ್ಲಿ ಹಾಡಿ ಅಳುತ್ತವೆ. ಅಲ್ಲಿ ಹಾಡುವ ಮೇಳವು ಕಥೆಯನ್ನು ಹೇಳುತ್ತದೆ, ಮರುಗುತ್ತದೆ. ಕೇಳುವವರನ್ನೂ ತನ್ನೊಡನೆ ಮರುಗಿಸುತ್ತದೆ. ಗ್ರೀಕ್ ರಂಗದ ಮೇಳದವರ ಕಾರ್ಯವೂ ಬಹುಮಟ್ಟಿಗೆ ಇದೇ. ಕ್ರಿ.ಪೂ. 480ರಲ್ಲಿ ಸಲಾಮಿಸಿನಲ್ಲಿ ಸೋತ ಪಾರಸಿಕರ ಗೋಳನ್ನು ಗೆದ್ದ ಅಥೆನ್ಸಿನವರ ಮುಂದೆಯೇ 472ರಲ್ಲಿ ಈಸ್ಕಿಲಸನು ಆಡಿಸಿದನು. ಪರರ ಸಾವಿಗೆ ಅಳುವುದನ್ನು ಬಲ್ಲ ಊರಿನ ಮಗುವಿಗೆ ಇದರ ಮರ್ಮವನ್ನು ತಿಳಿಸಲು ದೀರ್ಘವಾದ ಪೀಠಿಕೆ ಬೇಕಿಲ್ಲ.

ಇನ್ನು 'ಅಶ್ವತ್ಥಾಮನ್' ನಾಟಕದ ವಿಷಯ. ಇದನ್ನು ಏಜಾಕ್ಸನ ಕಥೆಯೊಡನೆ ಓದಿಸಿದಾಗ ತರಗತಿಯಲ್ಲಿ ಏಳಬಹುದಾದ ಮೊದಲನೆಯ ಆಕ್ಷೇಪಣೆ ಇದು: ಅಶ್ವತ್ಥಾಮನು ಚಿರಂಜೀವಿಯಲ್ಲವೆ? ಅವನು ಆತ್ಮಹತ್ಯೆ ಮಾಡಿಕೊಂಡನೆಂದರೆ ಹೇಗೆ? ಈ ಪ್ರಶ್ನೆಯನ್ನು ಉದ್ಧಟತನವೆಂದು ಬದಿಗೊತ್ತುವುದು ತರವಲ್ಲ. ನಾಟಕದ ಜೀವಾಳವೇ ಅದರಲ್ಲಿದೆ. ಸೌಪ್ತಿಕಪರ್ವದಲ್ಲಿ ಕೃಷ್ಣನು ಅವನಿಗೆ ಕೊಡುವ ಶಾಪವೆಂದರೆ, ಮೂರು ಸಾವಿರ ವರ್ಷ ಯಾರೊಡನೆಯೂ ಮಾತಿಲ್ಲದೆ ಒಂಟಿಯಾಗಿ ಅಲೆಯಬೇಕೆಂಬುದು. ಮಾತನಾಡಿಸುವವರೇ ಇಲ್ಲದವನಿಗೆ ಮೇಳವಿಲ್ಲ, ಮೇಳವಿಲ್ಲದೆ ರುದ್ರನಾಟಕವಿಲ್ಲ. ಅವನಿಗೆ ಸಾವನ್ನು ಕೊಟ್ಟು ಶ್ರೀಕಂಠಯ್ಯನವರು ಅವನನ್ನು ಮರಳಿ ಮನುಷ್ಯರ ನಡುವೆ, ಅವನಿಗಾಗಿ ಅಳಬಲ್ಲವರ ನಡುವೆ ತಂದು ನಿಲ್ಲಿಸಿದರು. ಪುರಾಣಕ್ಕೆ ವಿರೋಧವೆನಿಸಿದ ಈ ಮಾರ್ಪಾಟು ನಾಟಕಧರ್ಮಕ್ಕೆ ಅವಶ್ಯವಾದುದು.

ಆದರೂ ಒಂದು ಕೊರತೆ ಉಳಿಯುತ್ತದೆ. ಮತಿಭ್ರಮೆಯಲ್ಲಿ ಗ್ರೀಕ್ ನಾಯಕರನ್ನೇ ಕೊಲ್ಲುತ್ತಿರುವೆನೆಂದು ಭಾವಿಸಿದ ಏಜಾಕ್ಸನ ಕತ್ತಿಗೆ ಸಿಕ್ಕಿದುದು ಕೊಳ್ಳೆಯ ದನಕುರಿಗಳು, ಅವುಗಳ ಕಾವಲುಗಾರರು. ಅವನ ದುಃಖದ ಬಹುಭಾಗ ಅಪಮಾನದ್ದು. ಭಾರತದ ಅಶ್ವತ್ಥಾಮನಾದರೋ ನಿದ್ರಿಸುತ್ತಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದವನು. ಏಜಾಕ್ಸನ ಅಚ್ಚಿನಲ್ಲಿ ಈ ಕಥೆಯನ್ನು ಎರೆದಾಗ, ಕೊಂದವನ ಮಾನದ ಪ್ರಶ್ನೆ ಎತ್ತರದಲ್ಲಿ ನಿಂತು, ಸತ್ತ ಮಕ್ಕಳಿಗಾಗಿ ಅಳುವವರಾರೆಂಬ ಪ್ರಶ್ನೆ ತಗ್ಗಿನಲ್ಲಿ ಬೀಳುವ ಅಪಾಯವಿದೆ. ಉಪಾಧ್ಯಾಯನು ಇದನ್ನು ಮರೆಮಾಚದೆ ವಿದ್ಯಾರ್ಥಿಗಳ ಮುಂದಿಡಬೇಕು. ಕವಿಯ ಧೈರ್ಯವನ್ನು ಮೆಚ್ಚುವುದೂ ಆ ಧೈರ್ಯಕ್ಕೆ ತೆತ್ತ ಬೆಲೆಯನ್ನು ಎಣಿಸುವುದೂ ಒಂದಕ್ಕೊಂದು ವಿರುದ್ಧವಲ್ಲ.

ಸೋಫೋಕ್ಲಿಸನ ನಾಟಕವು ನಾಯಕನ ಮರಣದೊಡನೆ ಮುಗಿಯುವುದಿಲ್ಲವೆಂಬುದೂ ಇಲ್ಲಿ ಸ್ಮರಣೀಯ. ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೇ ಎಂಬ ವಿವಾದವೇ ಉತ್ತರಭಾಗವನ್ನು ತುಂಬಿದೆ. ಕೊನೆಗೆ ಅದಕ್ಕಾಗಿ ವಾದಿಸಿ ಗೆಲ್ಲುವವನು ಅವನ ಹಗೆಯಾದ ಒಡಿಸ್ಯೂಸ್. ನಾಯಕನ ದೋಷವೇನೆಂದು ಕೇಳುವ ಪ್ರಶ್ನಪತ್ರಿಕೆಗೆ ಈ ಉತ್ತರಭಾಗವು ಅನಾವಶ್ಯಕವಾದ ಬಾಲದಂತೆ ಕಾಣುತ್ತದೆ. ಸತ್ತವನಿಗೆ ಬದುಕಿರುವವರು ಏನನ್ನು ಸಲ್ಲಿಸಬೇಕು ಎಂದು ಕೇಳಿದರೆ ನಾಟಕ ಇಡಿಯಾಗಿ ಅರ್ಥವಾಗುತ್ತದೆ. ಭೀಮಾತೀರದ ಶಾಲೆಗಳಲ್ಲಿ ಬೋಧನೆಯು ಈ ಎರಡನೆಯ ಪ್ರಶ್ನೆಯಿಂದಲೇ ತೊಡಗುವುದು ಯುಕ್ತ. ಅದಕ್ಕೆ ಬೇಕಾದ ಅರ್ಧ ಉತ್ತರವನ್ನು ಮಕ್ಕಳು ಮನೆಯಿಂದಲೇ ತಂದಿರುತ್ತಾರೆ.