ನಂಬರ್ ಇಲ್ಲದವರ ರಸ್ತೆ: ‘ಆಕ್ಸಿಡೆಂಟ್’ ಮತ್ತು ‘ಯು ಟರ್ನ್’ ಚಿತ್ರಗಳಲ್ಲಿ ಬೆಂಗಳೂರಿನ ಕಾಲ್ನಡಿಗೆ

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಳ್ತೇನೆ. ನಾನು ಹೊಸೂರು ಕಡೆಯವಳು, ಈಗ ಕನ್ನಡ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಗಡಿಯಾಚೆಯ ಕನ್ನಡದ ಬಗ್ಗೆ ನಡೆಯುತ್ತಿರುವ ಗೋಷ್ಠಿಯಲ್ಲಿ ಬೆಂಗಳೂರಿನ ಎರಡು ಸಿನಿಮಾಗಳ ಮಾತು ಯಾಕೆ ಅಂತ ವಿಷಯ ಕಳಿಸಿದಾಗಲೇ ನಮ್ಮ ಮೇಷ್ಟ್ರು ಕೇಳಿದ್ದರು. ಕಾಸರಗೋಡಿನವರಿಗೆ ಮಂಗಳೂರು ಹೇಗೋ, ತಾಳವಾಡಿಯವರಿಗೆ ಚಾಮರಾಜನಗರ ಹೇಗೋ, ನಮಗೆ ಬೆಂಗಳೂರು ಹಾಗೆ. ಸುಮಾರು 40 ಕಿಲೋಮೀಟರ್. ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ, ಮದುವೆ ಸೀರೆಗೆ ಎಲ್ಲದಕ್ಕೂ ಅಲ್ಲಿಗೇ ಹೋಗ್ತೇವೆ. ಆದರೆ ನಾವು ಆ ಊರನ್ನು ಕಾಣೋದು ಬಸ್ಸಿನ ಕಿಟಕಿಯಿಂದ, ಆಮೇಲೆ ಬಸ್ಸಿಳಿದು ನಡೆಯುತ್ತಾ. ಹಾಗಾಗಿ ಬೆಂಗಳೂರಿನ ಯಾವ ಕಥೆ ಓದಿದರೂ, ನೋಡಿದರೂ, ಇದರಲ್ಲಿ ಬಸ್ಸಿಳಿದು ನಡೆಯೋರು ಎಲ್ಲಿದಾರೆ ಅಂತ ಹುಡುಕೋದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ವಿಮರ್ಶೆಗೆ ನಗರದಲ್ಲಿ ನಡೆಯುವ ಮನುಷ್ಯ ಹೊಸಬನಲ್ಲ. ಆದರೆ ನವ್ಯದ ಕಾಲದಿಂದಲೂ ಅವನು ನಡೆದರೆ ಅದನ್ನು ಒಂಟಿತನ, ಅನಾಮಿಕತೆ, ಪರಕೀಯತೆ ಎಂದೇ ಓದಿಕೊಂಡು ಬಂದಿದ್ದೇವೆ. ಅವನ ಮನಸ್ಸಿಗೆ ಏನಾಯಿತು ಎಂದು ಪುಟಗಟ್ಟಲೆ ಬರೆಯುತ್ತೇವೆ. ಅವನ ಕಾಲ ಕೆಳಗೆ ಚಪ್ಪಡಿ ಇತ್ತಾ, ಮೋರಿ ಇತ್ತಾ, ರಸ್ತೆ ದಾಟಲು ಜಾಗ ಇತ್ತಾ ಅಂತ ಕೇಳೋದಿಲ್ಲ. ಅದು ಎಂಜಿನಿಯರುಗಳ ವಿಷಯ ಅಂದುಕೊಂಡಿದ್ದೇವೆ. ಅದು ಕಥನದ ವಿಷಯವೂ ಹೌದು ಅನ್ನೋದು ನನ್ನ ವಾದ. ರಸ್ತೆಯಲ್ಲಿ ಯಾರಿಗೆ ಜಾಗವಿದೆಯೋ ಅವರಿಗೇ ಕಥೆಯಲ್ಲೂ ಹೆಸರು ಸಿಗುತ್ತದೆ.

ಮೊದಲು ಶಂಕರ್‌ನಾಗ್ ನಿರ್ದೇಶನದ ‘ಆಕ್ಸಿಡೆಂಟ್’, 1985ರ ಚಿತ್ರ. ಹಾಡುಗಳಿಲ್ಲ. ಇಳಯರಾಜಾ ಅವರ ಹಿನ್ನೆಲೆ ಸಂಗೀತ ಮಾತ್ರ. ರಾಜಕಾರಣಿಯೊಬ್ಬನ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಹರಿಸುತ್ತಾನೆ. ಅಪ್ಪನ ಪಾತ್ರ ಅನಂತನಾಗ್ ಅವರದು. ಸತ್ಯದ ಬೆನ್ನುಹತ್ತುವ ಪತ್ರಕರ್ತನಾಗಿ ಶಂಕರ್‌ನಾಗ್ ಅವರೇ ಇದ್ದಾರೆ. ಬದುಕುಳಿದವನೊಬ್ಬ ಕಣ್ಣಾರೆ ಕಂಡಿದ್ದಾನೆ. ಅಧಿಕಾರ ಅದನ್ನು ಮುಚ್ಚಿಹಾಕಲು ಏನೇನು ಮಾಡುತ್ತದೆ ಅನ್ನೋದೇ ಕಥೆ. ಇದನ್ನು ರಾಜಕೀಯ ಚಿತ್ರ ಎಂದು ಎಲ್ಲರೂ ಒಪ್ಪಿದ್ದಾರೆ, ನನ್ನ ತಕರಾರಿಲ್ಲ. ನಾನು ಗಮನಿಸಿದ್ದು ಬೇರೆ. ಆ ಚಿತ್ರದಲ್ಲಿ ಫುಟ್‌ಪಾತ್ ಅನ್ನೋದು ಒಂದು ಜಾಗ. ಅಲ್ಲಿ ಜನ ಇರ್ತಾರೆ, ಮಲಗ್ತಾರೆ. ಅದರ ಮೇಲೆ ಕಾರು ಹತ್ತಿತು ಅಂದರೆ ಒಂದು ಗೆರೆ ದಾಟಿದಂತೆ. ಗೆರೆ ಇದ್ದದ್ದರಿಂದಲೇ ಅದು ಅಪರಾಧವಾಗಿ ಕಾಣುತ್ತದೆ. ‘ಅವರು ಅಲ್ಲಿ ಯಾಕೆ ಮಲಗಿದ್ರು’ ಅನ್ನುವ ಪ್ರಶ್ನೆ ನೋಡುವವರ ಮನಸ್ಸಿಗೆ ಬಾರದ ಹಾಗೆ ಚಿತ್ರ ನೋಡಿಕೊಳ್ಳುತ್ತದೆ. ಇವತ್ತು ಅದೇ ಸುದ್ದಿ ಬಂದರೆ ಮೊದಲ ಕಾಮೆಂಟೇ ಅದು.

ಇನ್ನು ಪವನ್ ಕುಮಾರ್ ಅವರ ‘ಯು ಟರ್ನ್’, ಮೇ 2016. ನಾನಿದನ್ನು ನೋಡಿದ್ದು ಬಿಡುಗಡೆಯಾಗಿ ಎಷ್ಟೋ ವರ್ಷಗಳ ಮೇಲೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತುಬಿಟ್ಟ ಬಸ್ಸಿನೊಳಗೆ, ಫೋನಿನಲ್ಲಿ. ಮುಕ್ಕಾಲು ಸಿನಿಮಾ ಅಲ್ಲೇ ಮುಗೀತು, ಉತ್ಪ್ರೇಕ್ಷೆ ಅಲ್ಲ. ಕಥೆ ಬಹಳ ಜನಕ್ಕೆ ಗೊತ್ತಿರಬಹುದು. ಡಬಲ್ ರೋಡ್ ಫ್ಲೈಓವರಿನಲ್ಲಿ ರಸ್ತೆ ಮಧ್ಯದ ಕಾಂಕ್ರೀಟ್ ಕಲ್ಲುಗಳನ್ನು ಸರಿಸಿ ಕೆಲವರು ಅಡ್ಡದಾರಿಯಲ್ಲಿ ಯು ಟರ್ನ್ ಹೊಡೆಯುತ್ತಾರೆ. ಮುಂದೆ ಹೋಗಿ ತಿರುಗಿ ಬರುವ ಸಮಯ ಉಳಿಸೋಕೆ. ಸರಿಸಿದ ಕಲ್ಲನ್ನು ಅಲ್ಲೇ ಬಿಟ್ಟು ಹೋಗ್ತಾರೆ. ಪತ್ರಿಕೆಯೊಂದರಲ್ಲಿ ತರಬೇತಿಯಲ್ಲಿರುವ ರಚನಾ (ಶ್ರದ್ಧಾ ಶ್ರೀನಾಥ್) ಇದರ ಬಗ್ಗೆ ಬರೆಯಲು ಹೊರಡುತ್ತಾಳೆ. ಫ್ಲೈಓವರಿನ ಬಳಿ ಇರುವ ಮನೆಯಿಲ್ಲದ ಒಬ್ಬ ಮನುಷ್ಯ ಹಾಗೆ ತಿರುಗಿಸಿದ ಗಾಡಿಗಳ ನಂಬರ್ ಬರೆದಿಟ್ಟು ಅವಳಿಗೆ ಕೊಡುತ್ತಾನೆ. ಆ ನಂಬರಿನವರೆಲ್ಲ ಅದೇ ದಿನ ಸತ್ತಿರುತ್ತಾರೆ. ಕೊನೆಗೆ ತಿಳಿಯುವುದು ಹೀಗೆ: ದಾರಿಗೆ ಬಂದ ಕಲ್ಲಿನಿಂದ ಪ್ರಾಣ ಕಳೆದುಕೊಂಡ ತಾಯಿ ಮತ್ತು ಮಗಳು ಇದ್ದಾರೆ, ಆ ತಾಯಿಯ ಪ್ರೇತವೇ ಇದನ್ನು ಮಾಡುತ್ತಿರುವುದು, ಮತ್ತು ಆ ದಿನ ಕಲ್ಲು ಸರಿಸಿದವನು ಅವಳ ಸ್ವಂತ ಗಂಡ.

ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಮೂವತ್ತೊಂದು ವರ್ಷದ ಅಂತರ. ಎರಡರಲ್ಲೂ ಪತ್ರಕರ್ತರೇ ತನಿಖೆ ಮಾಡ್ತಾರೆ. ಎರಡರಲ್ಲೂ ಸಾಕ್ಷಿಯಾಗಿರೋನು ಬೀದಿಯಲ್ಲಿ ಬದುಕುವ ಮನುಷ್ಯ. ಈ ಎರಡನೆಯ ಹೋಲಿಕೆಯೇ ನನಗೆ ಮುಖ್ಯ ಅನ್ನಿಸಿದ್ದು. ರಸ್ತೆಯಲ್ಲಿ ಏನು ನಡೆಯುತ್ತೆ ಅಂತ ನೋಡೋಕೆ ಅಲ್ಲಿ ನಿಲ್ಲಬೇಕು. ಗಾಡಿಯಲ್ಲಿ ಹೋಗುವವರು ನಿಲ್ಲೋದಿಲ್ಲ. ಇದು ಎರಡೂ ಚಿತ್ರಗಳಿಗೆ ಗೊತ್ತಿದೆ. ಆದರೆ ‘ಆಕ್ಸಿಡೆಂಟ್’ನಲ್ಲಿ ಸಾಕ್ಷಿ ಏನನ್ನೋ ಕಳೆದುಕೊಂಡವನು, ಅವನ ಸಂಕಟವೂ ಕಥೆಯ ಭಾಗ. ‘ಯು ಟರ್ನ್’ಗೆ ಬರುವಷ್ಟರಲ್ಲಿ ಅವನು ಮಾಹಿತಿ ಒದಗಿಸುವವನಾಗಿದ್ದಾನೆ. ಫ್ಲೈಓವರಿನ ಬದಿಯಲ್ಲಿ ದಿನವಿಡೀ ಹೇಗಿರ್ತಾನೆ, ಎಲ್ಲಿ ದಾಟುತ್ತಾನೆ, ಅವನಿಗೆ ಗಾಡಿ ತಾಗಿದರೆ ಯಾವ ಪ್ರೇತ ಬರುತ್ತೆ, ಇದ್ಯಾವುದೂ ಚಿತ್ರಕ್ಕೆ ಬೇಕಾಗಿಲ್ಲ.

ಇದಕ್ಕೆ ಕಾರಣ ನಂಬರ್ ಪ್ಲೇಟ್ ಅನ್ನಿಸುತ್ತದೆ. ಈ ಚಿತ್ರದಲ್ಲಿ ಮನುಷ್ಯರು ಪರಿಚಯವಾಗುವುದೇ ಗಾಡಿ ನಂಬರಿನಿಂದ. ನಂಬರಿನಿಂದ ವಿಳಾಸ, ವಿಳಾಸದಿಂದ ಹೆಸರು, ಹೆಸರಿನಿಂದ ಹೆಣ. ಪ್ರೇತವೂ ಅದೇ ದಾಖಲೆಯೊಳಗೆ ಕೆಲಸ ಮಾಡುತ್ತದೆ. ಕಥೆಯ ಹೆಣಿಗೆಯಾಗಿ ಇದು ತುಂಬಾ ಜಾಣತನದ್ದು, ನಾನು ಮೆಚ್ಚಿದ್ದೇನೆ. ಆದರೆ ನಡೆಯುವವರಿಗೆ ನಂಬರ್ ಇಲ್ಲ. ಅವರು ಪಾಪ ಮಾಡಿದ ಪಟ್ಟಿಯಲ್ಲೂ ಇಲ್ಲ, ಸತ್ತವರ ಪಟ್ಟಿಯಲ್ಲೂ ಇಲ್ಲ. ನಮ್ಮ ಹೊಸೂರಿನ ಗಾಡಿಗಳಿಗೆ ಟಿಎನ್ 70 ಅಂತ ಇರುತ್ತೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಅದನ್ನು ನೋಡಿದ ಕೂಡಲೇ ನಾವು ಯಾರು ಅಂತ ಅವರಿಗೆ ಗೊತ್ತಾಗುತ್ತೆ, ಅಥವಾ ಗೊತ್ತಾಯ್ತು ಅಂದುಕೊಳ್ತಾರೆ. ಬಸ್ಸಲ್ಲಿ ಬಂದರೆ ಆ ಪರಿಚಯವೂ ಇಲ್ಲ. ಬಸ್ಸಿನೊಳಗೆ ಇನ್ನೊಂದು ರೀತಿ ಗೊತ್ತಾಗುತ್ತದೆ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಆನೇಕಲ್ಲಿನ ನನ್ನ ಸಹಪಾಠಿಗೆ ಸೊನ್ನೆ ಟಿಕೆಟ್, ಪಕ್ಕದಲ್ಲೇ ಕೂತ ನನಗೆ ದುಡ್ಡಿನ ಟಿಕೆಟ್. ನನ್ನ ಆಧಾರ್ ತಮಿಳುನಾಡಿನದು. ನಿಯಮ ನಿಯಮವೇ, ಕರ್ನಾಟಕದ ತೆರಿಗೆ ಹಣ ಕರ್ನಾಟಕದ ಹೆಂಗಸರಿಗೆ, ಅದರಲ್ಲಿ ತಪ್ಪು ಹುಡುಕ್ತಿಲ್ಲ. ಇಬ್ಬರೂ ಒಂದೇ ಸ್ಟಾಪಿನಲ್ಲಿ ಇಳಿದು ಅದೇ ಮೋರಿ ಚಪ್ಪಡಿ ಮೇಲೆ ನಡೀತೇವೆ ಅನ್ನೋದನ್ನಷ್ಟೇ ಹೇಳಿದೆ.

ಈಗ ನನ್ನ ಮುಖ್ಯ ತಕರಾರು. ‘ಯು ಟರ್ನ್’ ಅಪರಾಧವನ್ನು ಹಂಚುತ್ತದೆ. ‘ಆಕ್ಸಿಡೆಂಟ್’ನಲ್ಲಿ ತಪ್ಪು ಮಾಡಿದವನು ಬಲಾಢ್ಯ. ಇಲ್ಲಿ ಕಲ್ಲು ಸರಿಸಿದವರು ನಿಮ್ಮ ನಮ್ಮಂಥವರು. ಗಂಡನೇ ಹೆಂಡತಿಯ ಸಾವಿಗೆ ಕಾರಣ ಅನ್ನುವ ತಿರುವು ಅದನ್ನೇ ಹೇಳೋದು. ಇದನ್ನು ಚಿತ್ರದ ಪ್ರಬುದ್ಧತೆ ಅಂತ ಹೊಗಳಬಹುದು. ಆದರೆ ಎಲ್ಲರೂ ಪಾಪಿಗಳು ಅಂದಾಗ ರಸ್ತೆ ಪಾರಾಗಿಬಿಡುತ್ತದೆ. ಆ ಕಲ್ಲುಗಳು ಕೈಯಲ್ಲಿ ಸರಿಸುವಷ್ಟು ಸಡಿಲವಾಗಿ ಅಲ್ಲಿ ಯಾಕಿದ್ದವು? ತಿರುಗಲು ಅಷ್ಟು ದೂರ ಯಾಕೆ ಹೋಗಬೇಕು? ನಗರದ ಮಧ್ಯೆ, ಬಸ್ ನಿಲ್ದಾಣದ ಹತ್ತಿರ, ಗಾಡಿಗಳು ನಿಲ್ಲದೆ ಓಡುವ ಹಾಗೆ ಯಾಕೆ ಕಟ್ಟಿದ್ದು? ರಚನಾ ಬರೆಯಹೊರಟ ವರದಿ ಈ ಪ್ರಶ್ನೆಗಳದ್ದೇ ಆಗಬೇಕಿತ್ತು. ಪ್ರೇತ ಬಂದ ಮೇಲೆ ಆ ವರದಿ ಏನಾಯ್ತು ಅಂತ ಸಿನಿಮಾ ಮರೆತುಬಿಡುತ್ತದೆ.

ಇದು ಸಿನಿಮಾಕ್ಕೆ ಹೊರಗಿನ ಪ್ರಶ್ನೆ ಅಲ್ಲ. ಅದೇ 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸ್ಟೀಲ್ ಫ್ಲೈಓವರ್ ಬೇಡ ಅಂತ ಬೀದಿಯಲ್ಲಿ ಮಾನವ ಸರಪಳಿ ಮಾಡಿ ನಿಂತರು. 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. ಮುಂದಿನ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬಸ್ಸು ಕೊಡಿ, ರೈಲು ಕೊಡಿ ಅನ್ನುವ ಮಾತು ಆ ಬೀದಿಯಲ್ಲಿತ್ತು. ಅಂದರೆ ಫ್ಲೈಓವರ್ ಒಂದು ರಾಜಕೀಯ ವಸ್ತು ಅಂತ ಊರಿಗೆ ಗೊತ್ತಿತ್ತು, ಐದು ತಿಂಗಳ ಹಿಂದೆ ಬಂದ ಸಿನಿಮಾಕ್ಕೆ ಅದು ಶಾಪಗ್ರಸ್ತ ಜಾಗ ಮಾತ್ರ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಅಂತಿದಾರೆ. ಇದರ ಬಗ್ಗೆ ಯಾರಾದರೂ ಸಿನಿಮಾ ಮಾಡಿದರೆ ಅದೂ ಭೂತದ ಕಥೆಯೇ ಆಗಬಹುದೇನೋ.

ಒಂದು ಸ್ವಂತದ ವಿಷಯ ಹೇಳಿಬಿಡ್ತೇನೆ, ಸಂಶೋಧನಾ ಪ್ರಬಂಧಕ್ಕೆ ಸಲ್ಲದಿದ್ದರೆ ಸಂಪಾದಕರು ತೆಗೆಯಲಿ. ನಮ್ಮಜ್ಜಿ ಊರು ಹೆದ್ದಾರಿ ಪಕ್ಕ. ಅಜ್ಜಿ ಮನೆ ಈ ಕಡೆ, ಅವರ ತಂಗಿ ಮನೆ ಮತ್ತು ಗುಡಿ ಆ ಕಡೆ. ಮೊದಲು ದಾಟಿ ಹೋಗ್ತಿದ್ದರು. ರಸ್ತೆ ಅಗಲವಾಗಿ ಮಧ್ಯೆ ಡಿವೈಡರು, ಅದರ ಮೇಲೆ ಕಬ್ಬಿಣದ ಗ್ರಿಲ್ ಬಂತು. ಕೆಳಗೆ ದಾಟುವ ದಾರಿ ಒಂದು ಕಿಲೋಮೀಟರ್ ಆಚೆ. ಊರಿನವರು ಒಂದು ಕಡೆ ಎರಡು ಸರಳು ಬಗ್ಗಿಸಿ ಸಂದು ಮಾಡಿಕೊಂಡರು. ಹುಡುಗರು ನುಸುಳ್ತಾರೆ, ಹೆಂಗಸರು ಸೀರೆ ಎತ್ತಿ ಹಿಡಿದು ನುಸುಳ್ತಾರೆ. ಎಪ್ಪತ್ತು ದಾಟಿದ ಅಜ್ಜಿಗೆ ಆಗೋದಿಲ್ಲ. ಹಬ್ಬಕ್ಕೆ ತಂಗಿಗೆ ಫೋನ್ ಮಾಡ್ತಾರೆ. ಕೂಗಿದರೆ ಕೇಳುವಷ್ಟು ದೂರದ ಮನೆ ಅದು. ಹೊಸೂರು ಬೈಕು, ಲಾರಿ ಮಾಡುವ ಊರು ಅಂತ ನಿಮಗೆ ಗೊತ್ತು. ನಮ್ಮಪ್ಪ ಅಂಥದೇ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಅವರೂ ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿಳಿದು ಆ ಸಂದಿನಲ್ಲೇ ನುಸುಳಿ ಮನೆಗೆ ಬರ್ತಿದ್ದರು.

‘ಯು ಟರ್ನ್’ ನೋಡುವಾಗ ನನಗೆ ಈ ಸಂದು ನೆನಪಾಯಿತು. ಸರಿಸಿದ ಕಲ್ಲು, ಬಗ್ಗಿಸಿದ ಸರಳು. ಎರಡೂ ನಿಯಮ ಮುರಿದದ್ದೇ. ಒಂದು ಸಮಯ ಉಳಿಸೋಕೆ, ಇನ್ನೊಂದು ಊರು ಉಳಿಸೋಕೆ. ಇಲ್ಲ, ಇದು ಸ್ವಲ್ಪ ಚಂದ ಮಾಡಿ ಹೇಳಿದ ಹಾಗಾಯ್ತು. ನುಸುಳುವವರಲ್ಲೂ ಸಮಯ ಉಳಿಸುವವರೇ ಜಾಸ್ತಿ. ಆದರೆ ಕಲ್ಲು ಸರಿಸಿದರೆ ಬೇರೆಯವರು ಸಾಯ್ತಾರೆ, ಸರಳು ಬಗ್ಗಿಸಿದರೆ ಹೆಚ್ಚಾಗಿ ನುಸುಳಿದವರೇ ಸಾಯ್ತಾರೆ. ಇಷ್ಟು ವ್ಯತ್ಯಾಸ ಕಥನಕ್ಕೆ ಕಾಣಬೇಕು. ಪೇಪರಿನಲ್ಲಿ ಎರಡೂ ‘ನಿರ್ಲಕ್ಷ್ಯ’ ಅಂತಲೇ ಬರುತ್ತೆ.

ಹೋಲಿಕೆಗೆ ಒಂದೇ ಮಾತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಎಲ್ಲರೂ ಮಾನವೀಯತೆಯ ಕಥೆಗಳು ಅಂತಾರೆ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ಮದುವೆ ದಿಬ್ಬಣದ ಕುದುರೆ ಮದುಮಗನನ್ನು ಹೊತ್ತು ಓಡಿಹೋಗುತ್ತದೆ. ಆ ಓಟದಲ್ಲಿ ಬೀದಿಯೇ ಕಥೆಯೊಳಗೆ ಬರುತ್ತದೆ. ಲೋಕಲ್ ರೈಲು, ಚಾಳು, ಬೀದಿ ಇವೆಲ್ಲ ಅಪರಿಚಿತರನ್ನು ಹತ್ತಿರ ತಂದು ನಿಲ್ಲಿಸುವ ಊರಿನಿಂದ ಹುಟ್ಟಿದ ಮಾನವೀಯತೆ ಅದು ಅಂತ ನನಗನ್ನಿಸುತ್ತೆ. ನೋಂದಣಿಯಾದ ವಾಹನಗಳು 1 ಕೋಟಿ ದಾಟಿರುವ ಬೆಂಗಳೂರಿನಲ್ಲಿ ಅಪರಿಚಿತರು ಭೇಟಿಯಾಗುವುದು ಗಾಡಿಗೆ ಗಾಡಿ ತಾಗಿದಾಗ. ಅದರಿಂದ ಥ್ರಿಲ್ಲರ್ ಹುಟ್ಟಿದ್ದು ಸಹಜ.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ. ಒಬ್ಬರು, ದೆವ್ವದ ಸಿನಿಮಾದಲ್ಲಿ ರಸ್ತೆ ಎಂಜಿನಿಯರಿಂಗ್ ಕೇಳೋದು ಅನ್ಯಾಯ ಅಲ್ವಾ ಅಂತಿದಾರೆ. ಸರ್, ನಾನು ಕೇಳಿದ್ದು ಎಂಜಿನಿಯರಿಂಗ್ ಅಲ್ಲ, ಆ ಮನೆಯಿಲ್ಲದ ಮನುಷ್ಯನನ್ನು. ಅವನು ಸಿನಿಮಾದೊಳಗೇ ಇದ್ದಾನೆ. ಇಡೀ ಕಥೆ ಅವನ ಚೀಟಿಯ ಮೇಲೆ ನಿಂತಿದೆ. ಅವನ ಕಡೆ ಕ್ಯಾಮೆರಾ ಇನ್ನಷ್ಟು ಹೊತ್ತು ನಿಂತಿದ್ದರೆ ರಸ್ತೆಯ ಪ್ರಶ್ನೆ ತಾನಾಗಿ ಬರುತ್ತಿತ್ತು. ಆದರೂ ಒಂದು ಒಪ್ಕೊಳ್ತೇನೆ. ಡಿವೈಡರಿನ ಕಲ್ಲನ್ನು ಕನ್ನಡ ಸಿನಿಮಾದ ಕಥಾವಸ್ತು ಮಾಡಿದ ಧೈರ್ಯ ಅದಕ್ಕಿದೆ, ಅದಿಲ್ಲದೆ ಇಷ್ಟು ಜಗಳ ಆಡೋಕೂ ನನಗೆ ಜಾಗ ಇರುತ್ತಿರಲಿಲ್ಲ.

ಇನ್ನೊಬ್ಬರು ಕುಂಬಳೆ ಕಡೆಯವರು. ಆರು ಪಥದ ಹೆದ್ದಾರಿ 66 ಬಂದ ಮೇಲೆ ತಮ್ಮಲ್ಲೂ ಶಾಲೆ ಒಂದು ಕಡೆ, ಬಸ್ ಸ್ಟಾಪ್ ಇನ್ನೊಂದು ಕಡೆ ಆಗಿದೆ, ಗಡಿಭಾಗದವರು ಇದನ್ನು ಒಟ್ಟಾಗಿ ಬರೆಯಬಹುದಾ ಅಂತ ಕೇಳಿದಾರೆ. ಖಂಡಿತ ಅಕ್ಕ. ನನ್ನ ನಂಬರ್ ಸಂಚಾಲಕರ ಹತ್ತಿರ ಇದೆ. ಮೆಟ್ರೊ ಬಗ್ಗೆಯೂ ಕೇಳಿದ್ದೀರಿ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡ್ತಿದೆ. ನನಗೆ ಉಪಯೋಗವಾಗಿದೆ, ಸಿಲ್ಕ್ ಬೋರ್ಡ್ ಈಗ ಮೇಲಿನಿಂದ ಕಾಣುತ್ತೆ. ಬೊಮ್ಮಸಂದ್ರದಲ್ಲಿ ಇಳಿದು ಹೊಸೂರಿನ ಬಸ್ಸಿಗೆ ರಸ್ತೆ ಬದಿಯಲ್ಲಿ ಕಾಯೋದು ಮೊದಲಿನ ಹಾಗೇ ಇದೆ. ನಾಳೆ ಬೆಳಿಗ್ಗೆ ಏಳಕ್ಕೆ ಅಲ್ಲೇ ಇರ್ತೇನೆ.