ಅಮೆರಿಕದಲ್ಲಿ ಗೊರೂರು, ಸಿಂಗಪುರದಲ್ಲಿ ಯಾರು?

ಮೊದಲ ಆನ್‌ಸೈಟ್ ಪ್ರಯಾಣದಲ್ಲಿ ಸಿಂಗಪುರದಿಂದ ಮನೆಗೆ ಬರೆದ ಮೇಲ್ ಮೊನ್ನೆ ಸಿಕ್ಕಿತು. ಹಾರ್ನ್ ಇಲ್ಲ, ಕಸ ಇಲ್ಲ, ಮೆಟ್ರೊದಲ್ಲಿ ತಿಂದರೆ 500 ಡಾಲರ್ ದಂಡ. ಥೇಟ್ ಸ್ಟೇಟಸ್ ರಿಪೋರ್ಟ್! ನಮ್ಮ ಬಹಳಷ್ಟು ವಿದೇಶ ಪ್ರವಾಸ ಬರಹಗಳೂ ಹೀಗೆಯೇ: ಊರು ಕಾಣುತ್ತದೆ, ನೋಡಿದವನು ಕಾಣುವುದಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಪ್ರವಾಸಕಥನದ ಹೆಸರನ್ನೇ ನೋಡಿ: 'ಅಮೆರಿಕದಲ್ಲಿ ಗೊರೂರು'. ಗೊರೂರು ಎಂದರೆ ಲೇಖಕರೂ ಹೌದು, ಹೇಮಾವತಿ ದಂಡೆಯ ಹಳ್ಳಿಯೂ ಹೌದು. ನೋಡುವ ಕಣ್ಣು ಯಾರದು, ಎಲ್ಲಿಯದು ಎಂಬುದು ಶೀರ್ಷಿಕೆಯಲ್ಲೇ ಇದೆ.

ಟೆಕ್ಕಾ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಕಂಡು ಸುಮ್ಮನೆ ನಿಂತುಬಿಟ್ಟಿದ್ದೆ. ಮೇಲ್‌ನಲ್ಲಿ ಅದಿಲ್ಲ. ತಮ್ಮ ಅದನ್ನು ಓದಿ ಹೇಳಿದಾಗ ಅಮ್ಮ ಕೇಳಿದ್ದಳಂತೆ: "ಅದೆಲ್ಲ ಸರಿ, ಇವನು ಹೇಗಿದ್ದಾನಂತೆ?"

ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಗೊತ್ತಿಲ್ಲ.